ಎಣ್ಣೆ ಕರಗಿದ ಮೇಲೆ ಎರಡನೇ ಗೇರು

ಇವತ್ತು ಬೆಳಿಗ್ಗೆ ತಲೆಗೆ ಹಾಕಲೆಂದು ಎಣ್ಣೆಯ ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ನಮ್ಮ ಕಡೆ ಚಳಿ ಬಂತೆಂದು ಎಲ್ಲರಿಗಿಂತ ಮೊದಲು ಹೇಳುವುದು ಈ ಬಾಟಲಿಯೇ. ಬೇರೆಯವರಾದರೆ ಅದನ್ನು ಒಯ್ದು ಬಿಸಿಲಿಗಿಟ್ಟು ಬೇರೆ ಕೆಲಸ ನೋಡುತ್ತಿದ್ದರು. ನಾನು ಬಚ್ಚಲಿನ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತು ಒಬ್ಬಳೇ ನಗತೊಡಗಿದೆ.

"ಎಂತ ಆಯ್ತು?" ಎಂದು ಒಳಗಿನಿಂದ ಗಂಡ ಕೇಳಿದರು.

"ಇವತ್ತು ಎರಡನೇ ಗೇರ್ ಬೀಳ್ಲಿಕ್ಕಿಲ್ಲ" ಎಂದೆ.

ಅವರೂ ನಕ್ಕರು. ನಮ್ಮ ಮನೆಯಲ್ಲಿ ಈ ಮಾತಿಗೆ ವಿವರಣೆ ಬೇಡ. ನಿಮಗೆ ಬೇಕಲ್ಲ, ಅದಕ್ಕೇ ಅಡುಗೆಯನ್ನು ಅರ್ಧಕ್ಕೆ ಬಿಟ್ಟು ನಮ್ಮ ಪಿ.ಟಿ. ಟೀಚರ ಬಗ್ಗೆ ಬರೆಯಲು ಕೂತಿದ್ದೇನೆ. ಅವರನ್ನು ನೆನೆದರೆ ಈಗಲೂ ನನ್ನ ಕೈಕಾಲಿಗೆ ಚುರುಕು ಬರುತ್ತದೆ.

ಹೆಸರು ಬರೆಯುವುದಿಲ್ಲ. ಬರೆದರೆ ಮರುದಿನವೇ ಶಿವಮೊಗ್ಗದಿಂದ ಫೋನು ಬರುತ್ತದೆ: "ನನ್ನ ಹೆಸರು ಯಾಕೆ ಹಾಕಿದ್ದು ಮಾರಾಯ್ತಿ, ಎಂತ ಪ್ರೈಜ್ ಕೊಡ್ಲಿಕ್ಕುಂಟಾ?" ನಿವೃತ್ತಿಯ ಮೇಲೆ ಅವರು ಅಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಆ ಊರಿನ ಹುಡುಗಿಯರನ್ನು ಓಡಿಸುತ್ತಿದ್ದಾರಂತೆ. ನಾನು ವರ್ಗವಾಗಿ ನನ್ನ ಊರು ವಿಟ್ಲಕ್ಕೆ ಬಂದಿದ್ದೇನೆ. ಅದಕ್ಕೆ ಮೊದಲು ಹಲವು ವರ್ಷ ನಾವಿಬ್ಬರೂ ಮೂಡುಬಿದಿರೆಗೆ ಹೋಗುವ ದಾರಿಯ ಒಂದು ಪ್ರೌಢಶಾಲೆಯಲ್ಲಿದ್ದೆವು. ಅವರು ಮೈದಾನದಲ್ಲಿ, ನಾನು ಕನ್ನಡ ಪಾಠದಲ್ಲಿ. ಇಬ್ಬರ ಮನೆಯೂ ಬೆಳ್ತಂಗಡಿಯಲ್ಲಿ, ನಡುವೆ ಒಂದು ಮೋಟು ಗೋಡೆ ಮಾತ್ರ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ ಹಾಕಿ, ಕೊರಳಲ್ಲಿ ಚಿನ್ನದ ಸರದ ಜೊತೆಗೇ ಸ್ಟೀಲಿನ ವಿಸಿಲ್ ತೂಗಿಸಿಕೊಂಡು ಅವರು ಬಂದರೆಂದರೆ ಹೆಡ್‌ಮಾಸ್ಟರರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಚಪಲ ನಮ್ಮೂರಿನಲ್ಲಿ ಯಾರಿಗಿಲ್ಲ? ಕೇಳಿದವರಿಗೆಲ್ಲ ಒಂದೇ ಉತ್ತರ: "ಫೈನಲಿಗೆ ಯಾರೂ ಕ್ವಾಲಿಫೈ ಆಗ್ಲಿಲ್ಲ."

ವಿಸಿಲನ್ನು ಅವರು ಸ್ನಾನಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತೆಗೆಯುತ್ತಿದ್ದರೆಂದು ನನಗನ್ನಿಸುವುದಿಲ್ಲ. ಒಮ್ಮೆ ಮೂಡುಬಿದಿರೆಯ ಹಾಲ್ ಒಂದರಲ್ಲಿ ಸಹೋದ್ಯೋಗಿಯ ಮಗಳ ಮದುವೆ. ಎರಡನೇ ಪಂಕ್ತಿಯ ಊಟಕ್ಕೆ ಬಾಗಿಲು ತೆರೆದದ್ದೇ ತಡ, ಜರಿ ಸೀರೆಗಳು, ಬಿಳಿ ಪಂಚೆಗಳು ಒಂದರ ಮೇಲೊಂದು ಬಿದ್ದು ನುಗ್ಗತೊಡಗಿದವು. ಟೀಚರ್ ಒಂದು ಉದ್ದ ವಿಸಿಲ್ ಊದಿದರು. ಇಡೀ ಗುಂಪು ಗಪ್ಪೆಂದು ನಿಂತಿತು. "ಸಿಂಗಲ್ ಲೈನ್" ಎಂದರು. ಊರಿನ ಗಣ್ಯರೆಲ್ಲ ಒಬ್ಬರ ಹಿಂದೊಬ್ಬರು ನಿಂತು ಶಾಲೆಯ ಮಕ್ಕಳ ಹಾಗೆ ಊಟಕ್ಕೆ ಹೋದರು. ಅದರಲ್ಲಿ ಅರ್ಧದಷ್ಟು ಜನ ಅವರ ಹಳೆಯ ವಿದ್ಯಾರ್ಥಿಗಳೇ ಇದ್ದಿರಬೇಕು, ಕಾಲು ತಾನಾಗಿಯೇ ನೆನಪಿಟ್ಟುಕೊಂಡಿತ್ತು.

ಅವರ ಶಾಸ್ತ್ರವೆಲ್ಲ ಒಂದೇ ಮಾತಿನಲ್ಲಿತ್ತು: "ಮೊದಲು ನಡೆ, ಮತ್ತೆ ಓಡು." ಮೈ ಬಿಸಿ ಮಾಡದೆ ಯಾರನ್ನೂ ಅವರು ಗೆರೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಎಷ್ಟೇ ದೊಡ್ಡ ಓಟಗಾರ್ತಿಯಾದರೂ ಸರಿ, ಮೊದಲು ಮೈದಾನಕ್ಕೆ ನಡೆದೇ ಸುತ್ತು ಹಾಕಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಸ್ತಕ ಎದೆಗೊತ್ತಿಕೊಂಡು ಕ್ಲಾಸಿಗೆ ಓಡುತ್ತಿದ್ದೆ. ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು. "ಸೀದಾ ಪಾಠಕ್ಕೆ ಕೈ ಹಾಕ್ಬೇಡ. ಎರಡು ಮಾತಾಡು, ಯಾರಿಗೆ ಹುಷಾರಿಲ್ಲ ಕೇಳು, ಮಕ್ಕಳು ಸ್ವಲ್ಪ ಬಿಸಿಯಾಗ್ಲಿ. ತಣ್ಣಗಿರುವಾಗ ಎಳೆದ್ರೆ ತುಂಡಾಗ್ತದೆ." ಅಂದಿನಿಂದ ಇಂದಿನವರೆಗೆ ನಾನು ಪಾಠ ಮಾಡುವುದು ಹಾಗೆಯೇ.

ಅವರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಾಲೂಕು ಮಟ್ಟದ ಒಂದು ಕ್ರೀಡಾಕೂಟಕ್ಕೆ ಅವರೇ ಸ್ಟಾರ್ಟರ್ ಆಗಿದ್ದರು. ಇನ್ನೂರು ಮೀಟರಿಗೆ ನಮ್ಮ ಶಾಲೆಯ ಹುಡುಗಿ, ಇಡೀ ಮಳೆಗಾಲ ಕೆಸರಿನಲ್ಲಿ ಓಡಿಸಿ ಅವರೇ ತಯಾರು ಮಾಡಿದವಳು. ಓಟ ಬಿಡುವ ಕ್ಲ್ಯಾಪರ್ ಹಲಗೆ ಬಡಿಯುವ ಒಂದು ಚೂರು ಮೊದಲು ಅವಳ ಕಾಲು ಗೆರೆಯಿಂದ ಆಚೆ ಹೋಯಿತು. ಬೇರೆ ಯಾರೂ ನೋಡಿರಲಿಲ್ಲ, ನೋಡಿದವರಿಗೂ ಖಾತ್ರಿ ಇರಲಿಲ್ಲ. ಟೀಚರ್ ವಿಸಿಲ್ ಊದಿ "ಫೌಲ್" ಎಂದರು, ಅವಳನ್ನು ಹೊರಗೆ ನಿಲ್ಲಿಸಿದರು. ಆ ಹುಡುಗಿ ಅತ್ತಳು, ನಾವೂ ಒಳಗೊಳಗೇ ಶಪಿಸಿದೆವು. ವಾಪಸು ಬರುವ ಬಸ್ಸಿನಲ್ಲಿ ಟೀಚರ್ ಅವಳ ಪಕ್ಕದಲ್ಲೇ ಕೂತು ನೆಲಗಡಲೆ ಬಿಡಿಸಿ ಬಿಡಿಸಿ ಅವಳ ಕೈಗೆ ಹಾಕುತ್ತಿದ್ದರು. ಆಮೇಲೆ ನನಗೆ ಹೇಳಿದರು: "ಓಡಿದ್ರೆ ಅವಳೇ ಗೆಲ್ತಿದ್ದಳು, ನನಗೆ ಗೊತ್ತುಂಟು. ಆದ್ರೆ ಹೇಗೆ ಗೆದ್ದದ್ದು ಅಂತ ಅವಳ ಕಾಲಿಗೂ ಗೊತ್ತಿರ್ತದಲ್ಲ ಮಾರಾಯ್ತಿ."

ಇಂಥವರ ಕೈಗೆ ಒಂದು ಸ್ಪೋರ್ಟ್ಸ್ ಕಾರು ಬಂದು ಬಿತ್ತು.

ಅವರ ತಮ್ಮ ಕುವೈತಿನಲ್ಲಿದ್ದ. ಒಂದು ಸಲ ರಜೆಯಲ್ಲಿ ಬಂದವನು ಮಂಗಳೂರಿನಲ್ಲಿ ಯಾರದೋ ಹಳೆಯ ಕಾರನ್ನು ನೋಡಿ ಮರುಳಾದ, ಕೊಂಡ. ಹಳದಿ ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ರಜೆ ಮುಗಿದಾಗ ಅದನ್ನು ಅಕ್ಕನ ಶೆಡ್ಡಿನಲ್ಲಿ ಬಿಟ್ಟು ವಿಮಾನ ಹತ್ತಿದ. "ಅಕ್ಕ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡು, ಬ್ಯಾಟರಿ ಸಾಯ್ಬಾರ್ದು" ಎಂದಷ್ಟೇ ಅವನು ಹೇಳಿದ್ದು. ಟೀಚರ್ ಮೊದಲ ವಾರ ಸ್ಟಾರ್ಟ್ ಮಾಡಿದರು. ಎರಡನೇ ವಾರ ಗೇಟಿನ ತನಕ ಹೋಗಿ ಬಂದರು. ಅದರ ಮುಂದಿನ ವಾರ ಗುರುವಾಯನಕೆರೆ ನೋಡಿ ಬಂದರು. ಚಿಕ್ಕಂದಿನಲ್ಲಿ ಅಪ್ಪನ ಜೀಪು ಓಡಿಸಿದ ಕೈ, ಸುಮ್ಮನಿರುತ್ತದೆಯೇ? ಒಂದು ಸೋಮವಾರ ನಾನು ಬಸ್ಸಿಗೆಂದು ಹೊರಟು ನಿಂತರೆ ಗೇಟಿನೆದುರು ಹಳದಿ ಕಾರು ಗುರುಗುಟ್ಟುತ್ತಿತ್ತು. "ಹತ್ತು ಮಾರಾಯ್ತಿ, ಶಾಲೆಗೆ ಹೋಗುವ" ಎಂದರು.

ಹತ್ತುವುದೇನು ಬಂತು, ಅದಕ್ಕೆ ಇಳಿಯಬೇಕಿತ್ತು. ಸೀರೆಯುಟ್ಟವರು ಅದರೊಳಗೆ ಸೇರುವ ಕ್ರಮವನ್ನು ಅವರೇ ಡ್ರಿಲ್ಲಿನ ಹಾಗೆ ಕಲಿಸಿದರು. ಮೊದಲು ಬೆನ್ನು ಹಾಕಿ ಕೂರಬೇಕು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಬೇಕು, ಕೊನೆಗೆ ಸೆರಗು. ಒಳಗೆ ಕೂತರೆ ಪಕ್ಕದ ಖಾಸಗಿ ಬಸ್ಸಿನ ಚಕ್ರದ ನಟ್ಟುಗಳು ನನ್ನ ಕಿವಿಯ ಎತ್ತರಕ್ಕೆ ಕಾಣುತ್ತಿದ್ದವು. ದಾರಿಯ ಹಂಪುಗಳನ್ನು ನೇರವಾಗಿ ಹತ್ತಿದರೆ ಹೊಟ್ಟೆ ಉಜ್ಜುತ್ತದೆಂದು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತಿದ್ದರು. ಹಿಂದಿನವರ ಹಾರ್ನ್ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ನಮ್ಮ ಮಾಮೂಲು ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಗ್ಗಿ, "ಟೀಚರೇ, ರೇಸಿಗುಂಟಾ?" ಎಂದು ಕೂಗುತ್ತಿದ್ದ. "ನಿನ್ನ ಡ್ರೈವರಿಗೆ ಮೊದಲು ವಾರ್ಮ್ ಅಪ್ ಮಾಡ್ಲಿಕ್ಕೆ ಹೇಳು" ಎಂದು ಇವರು.

ಮಳೆಗಾಲ ಮುಗಿದು ಚಳಿ ಬಂತು. ಒಂದು ಬೆಳಿಗ್ಗೆ ಗೇಟು ದಾಟಿ ಎರಡನೇ ಗೇರಿಗೆ ಹಾಕಲು ಹೋದರೆ ಲಿವರ್ ಹಲಸಿನ ಮರಕ್ಕೆ ಹೊಡೆದ ಗೂಟದ ಹಾಗೆ ಗಟ್ಟಿಯಾಗಿ ನಿಂತಿತು. ಒತ್ತಿದರೆ ಕೆಳಗಿನಿಂದ ಗರ್ರೆಂದು ಒಂದು ಶಬ್ದ ಬಂತು, ನನ್ನ ಹಲ್ಲೆಲ್ಲ ಜುಮ್ಮೆಂದವು. ಟೀಚರ್ ತಕ್ಷಣ ಕೈ ತೆಗೆದರು, ಯಾರದೋ ಕಾಲು ತುಳಿದವರ ಹಾಗೆ. ಆ ಶನಿವಾರ ಬೆಳಿಗ್ಗೆಯೇ ಹೊರಟು ಬಿ.ಸಿ.ರೋಡಿನ ಒಂದು ಗ್ಯಾರೇಜಿಗೆ ಒಯ್ದೆವು. ತಮಾಷೆಯೆಂದರೆ ಬಂಟ್ವಾಳ ಪೇಟೆ ಸಿಗುವ ಹೊತ್ತಿಗೆ ಗೇರು ಬೆಣ್ಣೆಯಾಗಿತ್ತು. "ಎಂತ ತೊಂದ್ರೆಯೂ ಇಲ್ವಲ್ಲ ಟೀಚರ್" ಎಂದ ಮೆಕ್ಯಾನಿಕ್. ರಾತ್ರಿ ಅಲ್ಲೇ ಬಿಟ್ಟು ಬಂದೆವು. ಮರುದಿನ ಬೆಳಗಿನ ಚಳಿಯಲ್ಲಿ ಅವನು ಓಡಿಸಿ ನೋಡಿದಾಗ ಅದು ಮತ್ತೆ ಗರ್ರೆಂದಿತು. "ಗೇರ್ ಬಾಕ್ಸ್ ಹೋಗಿದೆ, ಬಿಚ್ಚಬೇಕು" ಎಂದು ತೀರ್ಪು ಕೊಟ್ಟ. ತಮ್ಮನಿಗೂ ಫೋನಿನಲ್ಲಿ ಅದನ್ನೇ ಹೇಳಿದ.

ಟೀಚರ್ ಒಪ್ಪಲಿಲ್ಲ. ಬಿಚ್ಚಲು ಬಿಡದೆ ಕಾರನ್ನು ವಾಪಸು ತಂದರು, ಜೊತೆಗೆ ನಾನೂ ಇದ್ದೆ. ಪುಂಜಾಲಕಟ್ಟೆ ದಾಟಿದ ಮೇಲೆ ಥಟ್ಟನೆ ಹೇಳಿದರು: "ಇದಕ್ಕೆ ರೋಗ ಅಲ್ಲ ಮಾರಾಯ್ತಿ. ಇದಕ್ಕೆ ಚಳಿ. ಒಳಗಿನ ಎಣ್ಣೆ ದಪ್ಪ ಆಗ್ತದೆ, ಹಲ್ಲುಗಳು ಒಂದಕ್ಕೊಂದು ಸೇರುವುದಿಲ್ಲ. ಬಂಟ್ವಾಳ ಬರುವಾಗ ಎಣ್ಣೆ ಬಿಸಿಯಾಗಿರ್ತದೆ. ನಾವೇ ಅದನ್ನು ಹಾಸಿಗೆಯಿಂದ ಎಬ್ಬಿಸಿ ಸೀದಾ ನೂರು ಮೀಟರ್ ಓಡಿಸ್ತಾ ಇದ್ದೇವೆ." ಇಷ್ಟು ಹೇಳಿ ಸ್ಟೀರಿಂಗಿಗೆ ಎರಡೂ ಅಂಗೈಯಿಂದ ತಟ್ಟಿದರು. ಅವರ ಮುಖ ನೋಡಬೇಕಿತ್ತು. ರಾಜ್ಯ ಮಟ್ಟಕ್ಕೆ ಹೋಗುವ ಹೊಸ ಹುಡುಗಿ ಸಿಕ್ಕಿದಾಗ ಮಾತ್ರ ಅವರ ಮುಖ ಹಾಗಾಗುತ್ತಿತ್ತು.

ಎರಡು ದಿನ ಕಳೆದು ಕಾರಿನಲ್ಲಿ ಕೂತರೆ ಗೇರ್ ಲಿವರಿನ ಬುಡದಲ್ಲಿ ಒಂದು ಪುಟ್ಟ ಗಾಜಿನ ಬಾಟಲಿ, ತುಂಬ ತೆಂಗಿನೆಣ್ಣೆ, ಗಟ್ಟಿಯಾಗಿ ಬೆಳ್ಳಗೆ. ಬೀಳದ ಹಾಗೆ ಹಳೆಯ ಶೂ ಲೇಸಿನಿಂದ ಕಟ್ಟಿದ್ದರು. ನಾನು ತಲೆಗೆ ಹಾಕಲಿಕ್ಕೆಂದುಕೊಂಡೆ.

"ಮುಟ್ಬೇಡ. ಅದು ನಮ್ಮ ಮೀಟರ್" ಎಂದರು. ಕೆಳಗೆ ಗೇರ್ ಬಾಕ್ಸ್ ಬಿಸಿಯಾದರೆ ಆ ಬಿಸಿ ಮೇಲೆ ಬರುತ್ತದೆ, ಬಾಟಲಿಯ ಎಣ್ಣೆ ಕರಗುತ್ತದೆ. ಇದರದು ಕರಗಿದರೆ ಅದರದೂ ಸಡಿಲಾಗಿದೆ ಎಂದರ್ಥ. ಎಣ್ಣೆ ಬೆಳ್ಳಗಿರುವ ತನಕ ಮೊದಲ ಗೇರಿನಲ್ಲಿ ನಡಿಗೆ. ಅಂಚು ಬಿಟ್ಟು ಜಾರತೊಡಗಿದರೆ ಎರಡನೆಯದನ್ನು ಬಿಟ್ಟು ಮೆಲ್ಲನೆ ಮೂರನೆಯದಕ್ಕೆ. ಪೂರ್ತಿ ತಿಳಿಯಾದ ಮೇಲೆ ಮಾತ್ರ ಎರಡನೇ ಗೇರಿನ ಹೆಸರೆತ್ತಬೇಕು. ಇಂಥ ಮೀಟರು ಯಾವ ಕಂಪನಿಯ ಪುಸ್ತಕದಲ್ಲೂ ಇರಲಾರದು. ತೆಂಗಿನೆಣ್ಣೆಯಲ್ಲಿ ಹುಟ್ಟಿ ಬೆಳೆದ ಊರಿನವರಿಗೆ ಮಾತ್ರ ಹೊಳೆಯುವಂಥದ್ದು.

ಆಮೇಲಿನ ಚಳಿಗಾಲದ ಬೆಳಗುಗಳನ್ನು ನಾನು ಹೇಗೆ ಹೇಳಲಿ. ಮಂಜಿನಲ್ಲಿ ನಮ್ಮ ಹಳದಿ ಸ್ಪೋರ್ಟ್ಸ್ ಕಾರು ಎತ್ತಿನ ಗಾಡಿಯ ವೇಗದಲ್ಲಿ ಹೊರಡುತ್ತಿತ್ತು. ಸೈಕಲಿನ ಹಾಲಿನವನು ನಮ್ಮನ್ನು ಹಿಂದಿಕ್ಕಿ ಹೋಗುತ್ತಿದ್ದ. ಬಸ್ಸಿನ ಕಂಡಕ್ಟರ್, "ತಳ್ಳಬೇಕಾ ಟೀಚರೇ?" ಎಂದು ಕೇಳಿ ಹೋಗುತ್ತಿದ್ದ. ಟೀಚರಿಗೆ ಲೆಕ್ಕವೇ ಇಲ್ಲ. "ಮೆಲ್ಲ, ಮೆಲ್ಲ" ಎಂದು ಡ್ಯಾಶ್‌ಬೋರ್ಡನ್ನು ಸವರುತ್ತಿದ್ದರು. ನನ್ನ ಕೆಲಸ ಬಾಟಲಿಯ ಮೇಲೆ ಕಣ್ಣಿಟ್ಟು ವರದಿ ಒಪ್ಪಿಸುವುದು.

"ಹೇಗುಂಟು?"

"ಗಟ್ಟಿ."

"ಈಗ?"

"ಅಂಚು ಬಿಟ್ಟಿದೆ ಟೀಚರ್. ಉಂಡೆ ತೇಲ್ತಾ ಉಂಟು."

ವೇಣೂರು ಹತ್ತಿರವಾಗುವಾಗ ಆ ಬಿಳಿ ಉಂಡೆ ಹುಣಸೆ ಬೀಜದಷ್ಟಾಗಿ, ಕಡಲೆಯಷ್ಟಾಗಿ, ಕಣ್ಣೆದುರೇ ಮಾಯವಾಗುತ್ತಿತ್ತು. "ಕರಗಿತು" ಎಂದು ನಾನು ಕೂಗುತ್ತಿದ್ದೆ. ಟೀಚರ್ ಕ್ಲಚ್ ಒತ್ತಿ ಎರಡು ಬೆರಳಿನಿಂದ ಲಿವರನ್ನು ಹಿಂದಕ್ಕೆ ಕರೆಯುತ್ತಿದ್ದರು. ಟಕ್. ಬೇರೇನೂ ಇಲ್ಲ, ಅಷ್ಟೇ ಶಬ್ದ. ಮರುಕ್ಷಣ ನನ್ನ ಬೆನ್ನು ಸೀಟಿಗೆ ಅಂಟಿ, ಎರಡೂ ಬದಿಯ ರಬ್ಬರ್ ಮರಗಳು ಒಂದಾಗಿ, ಕಾರಿನ ಧ್ವನಿ ನನ್ನ ಹೊಟ್ಟೆಯೊಳಗಿನಿಂದಲೇ ಬಂದ ಹಾಗೆ ಏರುತ್ತಿತ್ತು. ಖಾಲಿ ನೇರ ರಸ್ತೆ ಸಿಕ್ಕಿದರೆ ಆ ಬಸ್ಸನ್ನು ಹಿಡಿಯುತ್ತಿದ್ದೆವು, ದಾಟುತ್ತಿದ್ದೆವು. ದಾಟುವಾಗ ಟೀಚರ್ ತಪ್ಪದೆ ಒಂದು ವಿಸಿಲ್ ಊದುತ್ತಿದ್ದರು. ನಾನು ಹೆದರುಪುಕ್ಕಲಿ, ಜೋಕಾಲಿಯಲ್ಲೂ ಕಣ್ಣು ಮುಚ್ಚುವವಳು. ಆ ಕಾರಿನಲ್ಲಿ ಕೂತು ಗಟ್ಟಿಯಾಗಿ ನಕ್ಕಿದ್ದೇನೆ, ಬೊಬ್ಬೆ ಹಾಕಿದ್ದೇನೆ. ಹಾಗೆ ಬಿಸಿಯಾಗಿ ಕ್ಲಾಸಿಗೆ ಹೋದ ದಿನಗಳಲ್ಲಿ ನನ್ನ ಪಾಠ ಚೆನ್ನಾಗಿರುತ್ತಿತ್ತೆಂದು ಮಕ್ಕಳೇ ಹೇಳುತ್ತಿದ್ದರು.

ಒಂದು ಭಾನುವಾರ ತಮ್ಮನ ಫೋನು ಬಂತು. ನಾನು ಅವರ ಜಗಲಿಯಲ್ಲೇ ಇದ್ದೆ. ಸ್ಪೀಕರಿಗೆ ಹಾಕಿದ್ದರು.

"ಅಕ್ಕ, ನಾನಿನ್ನು ಸದ್ಯಕ್ಕೆ ಊರಿಗೆ ಬರುವ ಹಾಗೆ ಕಾಣುವುದಿಲ್ಲ. ಆ ಗೇರ್ ಬಾಕ್ಸ್ ಪೂರ್ತಿ ಹೋಗುವ ಮೊದಲು ಕಾರು ಕೊಟ್ಟುಬಿಡುವ. ನೋಡ್ಲಿಕ್ಕೆ ಬಂದವರಿಗೆ ತೋರಿಸು."

"ಗೇರ್ ಬಾಕ್ಸಿಗೆ ಎಂತ ಆಗಿದೆ? ಸರಿ ಉಂಟದು."

"ನಿನಗೆ ಹಾಗೆ ಕಾಣ್ತದೆ. ಬಂದವರು ಓಡಿಸಿ ನೋಡ್ಲಿ. ಯಾರಿಗೂ ಬೇಡ ಅಂತಾದ್ರೆ ನಿನ್ನ ಹತ್ತಿರವೇ ಇರ್ಲಿ. ಮತ್ತೆ ನಾನು ಆ ಮಾತು ಎತ್ತುವುದಿಲ್ಲ."

ಫೋನಿಟ್ಟ ಮೇಲೆ ಟೀಚರ್ ಶೆಡ್ಡಿಗೆ ಹೋಗಿ, ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಕಾರು ಅವರದಲ್ಲ ಎಂಬುದು ನನಗೂ ಅವರಿಗೂ ಮರೆತೇ ಹೋಗಿತ್ತು.

ಮೊದಲು ಬಂಟ್ವಾಳದಿಂದ ಒಬ್ಬರು ಹೆಂಡತಿ, ಅತ್ತೆ, ಮಕ್ಕಳು ಸಮೇತ ಬಂದರು. ಎರಡೇ ಸೀಟು ನೋಡಿ ಅತ್ತೆ ಮುಖ ಊದಿಸಿದರು, ಅಲ್ಲಿಗೆ ಅದು ಮುಗಿಯಿತು. ನಾನು ಮನೆಗೆ ಬಂದು ಪಾಯಸ ಮಾಡಿದೆ. ಆಮೇಲೆ ಡಿಸೆಂಬರಿನಲ್ಲಿ ಮೂಡುಬಿದಿರೆಯ ಒಬ್ಬ ದಂತ ವೈದ್ಯರ ಫೋನು ಬಂತು. ಎಳೆಯ ಪ್ರಾಯ, ಕಾರಿನ ಹುಚ್ಚು, ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಕ್ಲಿನಿಕ್ ತೆರೆಯುವ ಮೊದಲು, ಬೆಳಿಗ್ಗೆ ಬೇಗ ಬರುತ್ತೇನೆಂದರು.

ಬೆಳಿಗ್ಗೆ ಬೇಗ, ಅದೂ ಡಿಸೆಂಬರಿನಲ್ಲಿ. ನನಗೆ ಕುಣಿಯುವಷ್ಟು ಖುಷಿಯಾಯಿತು. ಗೋಡೆಯ ಮೇಲಿಂದಲೇ ಹೇಳಿದೆ: "ಟೀಚರ್, ನೀವು ಎಂತದೂ ಮಾಡುವುದು ಬೇಡ. ಸುಳ್ಳು ಹೇಳುವುದೂ ಬೇಡ. ಕೀ ಕೊಟ್ಟು ಸುಮ್ಮನೆ ನಿಲ್ಲಿ. ಉಳಿದದ್ದನ್ನು ಗೇರ್ ನೋಡಿಕೊಳ್ತದೆ."

ಟೀಚರ್ ಶೆಡ್ಡಿನ ಕಡೆ ತಿರುಗಿದರು. "ಹೌದಲ್ವಾ" ಎಂದರು.

ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಅವರ ಶೆಡ್ಡು ನನ್ನ ಜಗಲಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಚಹಾದ ಲೋಟ ಹಿಡಿದು ಗೋಡೆಯ ಹತ್ತಿರ ಹೋಗಿ ನಿಂತೆ. ಮೊದಲು ಕಣ್ಣಿಗೆ ಬಿದ್ದದ್ದು ಎಣ್ಣೆಯ ಬಾಟಲಿ. ಅದು ಕಾರಿನಲ್ಲಿರಲಿಲ್ಲ. ಅವರ ಮನೆಯ ಕಿಟಕಿಯ ದಂಡೆಯ ಮೇಲೆ ಕೂತಿತ್ತು. ಡಾಕ್ಟರಿಗೆ ಗುಟ್ಟು ಗೊತ್ತಾಗದಂತೆ ಯಾರು ಅಲ್ಲಿಟ್ಟದ್ದು? ಅವರೇ. ನಮ್ಮ ಟೀಚರ್, ಫೌಲಿನ ಟೀಚರ್, ಈ ಕಾರಿಗೋಸ್ಕರ ಇಷ್ಟು ಮಾಡಿದರಲ್ಲ ಎಂದು ಸಂತೋಷವೂ ಆಯಿತು, ಏನೋ ಒಂಥರಾ ಕಸಿವಿಸಿಯೂ ಆಯಿತು.

ಡಾಕ್ಟರು ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಮುಟ್ಟಿ, ತಡೆಯಲಾರದೆ ಒಳಗೆ ಕೂತರು. ಟೀಚರ್ ಕೀ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತರು. ಎಂಜಿನ್ ಗುರುಗುಟ್ಟಿತು. ಕಾರು ಅಂಗಳದಿಂದ ಗೇಟಿನ ಕಡೆಗೆ ಹೊರಟಿತು, ಮೊದಲ ಗೇರು. ನಾನು ಲೋಟ ಬಿಗಿ ಹಿಡಿದೆ. ಇನ್ನು ಗೇಟು ದಾಟಬೇಕು, ಡಾಕ್ಟರ ಎಡಗೈ ಲಿವರಿನ ಮೇಲೆ ಬರಬೇಕು, ಗರ್ರೆನ್ನಬೇಕು. ಅಷ್ಟಾದರೆ ಕಾರು ನಮ್ಮದು.

ಮಂಜು ಸೀಳಿಕೊಂಡು ಒಂದು ವಿಸಿಲ್ ಕೇಳಿತು.

ಡಾಕ್ಟರು ಗಾಬರಿಯಿಂದ ಬ್ರೇಕ್ ಒತ್ತಿದರು. ಕಾರು ಗೇಟಿನ ನಡುವೆ ನಿಂತಿತು. ಟೀಚರ್ ಓಡಿಯೇ ಹೋದರು.

"ಇಳಿಯಿರಿ ಡಾಕ್ಟ್ರೇ. ಫೌಲ್."

"ನಾನು ಎಂತ ಮಾಡಿದೆ ಟೀಚರ್?"

"ನೀವಲ್ಲ. ಫೌಲ್ ನನ್ನದು." ಟೀಚರಿಗೆ ಏದುಸಿರು. "ಚಳಿಗೆ ಇದರ ಎರಡನೇ ಗೇರ್ ಬೀಳುವುದಿಲ್ಲ. ಹಾಳಾದದ್ದಲ್ಲ, ಬಿಸಿ ಆಗ್ಬೇಕು ಅಷ್ಟೆ. ನಾನು ಹೇಳದೆ ಕಳಿಸಿದೆ. ಕೀ ಕೊಡಿ, ಪಕ್ಕದಲ್ಲಿ ಕೂರಿ, ತೋರಿಸ್ತೇನೆ."

ಕಿಟಕಿಯ ದಂಡೆಗೆ ಬಂದು ಬಾಟಲಿ ತೆಗೆದುಕೊಳ್ಳುವಾಗ ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿಲ್ಲ, ನಾಚಿಕೆಯಿಲ್ಲ. ಭಾರದ ಚೀಲ ಇಳಿಸಿದವರ ಮುಖ ಅದು. ಬಾಟಲಿಯನ್ನು ಲಿವರಿನ ಬುಡದಲ್ಲಿ ಕಟ್ಟಿ ಡಾಕ್ಟರಿಗೆ ತೋರಿಸಿ, "ಇದನ್ನು ನೋಡ್ತಾ ಇರಿ, ಹೇಗುಂಟು ಅಂತ ಹೇಳ್ತಾ ಇರಿ" ಎಂದು ಹೊರಟರು. ನನ್ನ ಕೆಲಸವೂ ಹೋಯಿತೆಂದು ಆಗಲೇ ನನಗೆ ಗೊತ್ತಾಯಿತು. ಚಹಾ ತಣ್ಣಗಾಗಿತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅವರು ವಾಪಸು ಬಂದಾಗ ಡಾಕ್ಟರು ಸ್ಟೀರಿಂಗಿನಲ್ಲಿದ್ದರು. ಟೀಚರ್ ಪಕ್ಕದಿಂದ ಬೈಯುತ್ತಿದ್ದರು: "ಹಲ್ಲು ಕೀಳುವ ಹಾಗೆ ಎಳಿಬೇಡಿ ಡಾಕ್ಟ್ರೇ, ಎರಡು ಬೆರಳು ಸಾಕು." ಡಾಕ್ಟರ ಮುಖದಲ್ಲಿ ನನ್ನದೇ ಹಳೆಯ ನಗು ಇತ್ತು. ವೇಣೂರಿನ ಹತ್ತಿರ ಎಣ್ಣೆ ಕರಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆ ವಾರವೇ ಅವರು ಕಾರು ಒಯ್ದರು. ಬಾಟಲಿ ಅದರಲ್ಲೇ ಇತ್ತು, ಶೂ ಲೇ‌ಸಿನ ಗಂಟು ಸಮೇತ.

ಆಮೇಲೆ ನಾವಿಬ್ಬರೂ ಮೊದಲಿನ ಹಾಗೆ ಬಸ್ಸಿಗೆ ನಿಂತೆವು. ಕಂಡಕ್ಟರ್ ಮೊದಲ ದಿನ ತಮಾಷೆಗೆ ಬಾಯಿ ತೆರೆದವನು ಟೀಚರ ಮುಖ ನೋಡಿ ಸುಮ್ಮನೆ ಕಿಟಕಿ ಪಕ್ಕದ ಸೀಟು ಖಾಲಿ ಮಾಡಿಸಿ ಕೊಟ್ಟ. ಟೀಚರ್ ಒಂದು ದಿನವೂ ಕಾರಿನ ಮಾತೆತ್ತಲಿಲ್ಲ. ಆದರೆ ಬಸ್ಸು ಎರಡನೇ ಗೇರಿಗೆ ಬದಲಾಗುವಾಗಲೆಲ್ಲ ಅವರ ಎಡಗೈಯ ಎರಡು ಬೆರಳು ಮಡಿಲಲ್ಲಿ ಅಲುಗುತ್ತಿದ್ದವು.

ಮುಂದಿನ ಜನವರಿಯ ಕೊನೆಗೆ ಅವರ ನಿವೃತ್ತಿ. ಬೀಳ್ಕೊಡುಗೆ ಬೆಳಗಿನ ಅಸೆಂಬ್ಲಿಯಲ್ಲೇ ಆಗಲಿ, ಮೈದಾನದಲ್ಲೇ ಆಗಲಿ ಎಂದು ಅವರೇ ಹಟ ಹಿಡಿದಿದ್ದರು. ನಾವು ಶಾಲೆಗೆ ಹೋಗಿ ನೋಡಿದರೆ ಮಾವಿನ ಮರದ ಬದಿಯಲ್ಲಿ, ಇಬ್ಬನಿಯಲ್ಲಿ ನೆಂದು, ಹಳದಿ ಕಾರು ನಿಂತಿತ್ತು. ಪಕ್ಕದಲ್ಲಿ ಡಾಕ್ಟರು.

"ನಿನ್ನೆ ಸಂಜೆಯೇ ತಂದು ನಿಲ್ಲಿಸಿ ಹೋದೆ ಟೀಚರ್" ಎಂದರು. "ಇವತ್ತು ಬೆಳಿಗ್ಗೆ ತಂದ್ರೆ ದಾರಿಯಲ್ಲೇ ಬಿಸಿಯಾಗ್ತಿತ್ತು. ನಿಮಗೆ ತಣ್ಣಗೇ ಕೊಡುವ ಅಂತ."

ಆ ಮಾತಿನ ಬೆಲೆ ಅಲ್ಲಿ ಗೊತ್ತಾದದ್ದು ನಮ್ಮ ಮೂವರಿಗೇ. ಟೀಚರ್ ಕೀ ತೆಗೆದುಕೊಂಡು ಬೆನ್ನು ಹಾಕಿ ಕೂತರು, ಎರಡೂ ಕಾಲು ಒಟ್ಟಿಗೆ ಒಳಗೆ, ಕೊನೆಗೆ ಸೆರಗು. ಬಾಟಲಿ ಲಿವರಿನ ಬುಡದಲ್ಲೇ ಇತ್ತು, ಬೆಳ್ಳಗೆ.

ಮಕ್ಕಳೆಲ್ಲ ಟ್ರ್ಯಾಕಿನ ಸುತ್ತ ಸಾಲುಗಟ್ಟಿದರು. ಸಿನಿಮಾದಲ್ಲಿ ನೋಡಿದ ಹಾಗೆ ಧೂಳೆಬ್ಬಿಸಿ ಹಾರುತ್ತದೆಂದು ಅವರ ನಿರೀಕ್ಷೆ. ಕಾರು ನಡೆಯತೊಡಗಿತು. ಒಂದು ಸುತ್ತು ನಡೆಯಿತು. ಇನ್ನೊಂದು ಸುತ್ತೂ ನಡೆಯಿತು. ಹೆಡ್‌ಮಾಸ್ಟರರು ವಾಚು ನೋಡಿದರು, ಭಾಷಣಕ್ಕೆ ಬಂದ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. "ಇಷ್ಟೇಯಾ?" ಎಂದು ಯಾರೋ ಅಂದರು. ಆದರೆ ಟೀಚರ ಕೈಯಲ್ಲಿ ಪಳಗಿದ ಓಟದ ಹುಡುಗಿಯರು ಮಾತ್ರ ಮಿಸುಕಾಡಲಿಲ್ಲ. ಅವರಿಗೆ ಇದು ಗೊತ್ತಿತ್ತು. ತಾವೂ ಹೀಗೆಯೇ ಸುತ್ತು ಹಾಕಿದವರು. ಒಬ್ಬಳು ಮೆಲ್ಲನೆ ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದಳು. ಉಳಿದವರು ಸೇರಿಕೊಂಡರು. ಕಾರು ನನ್ನೆದುರು ಬಂದಾಗಲೆಲ್ಲ ನಾನು ಕಿಟಕಿಯೊಳಗೆ ಇಣುಕಿ ಕೂಗುತ್ತಿದ್ದೆ, ಅತಿಥಿಗಳ ಎದುರೇ: "ಗಟ್ಟಿ." ಮತ್ತೆ ಒಂದು ಸುತ್ತು. "ಅಂಚು ಬಿಟ್ಟಿದೆ." ಮತ್ತೊಂದು. ಬಿಸಿಲು ಏರಿತು. ಡಾಕ್ಟರು ಉಗುರು ಕಚ್ಚುತ್ತಿದ್ದರು.

"ಕರಗಿತು ಟೀಚರ್."

ಕಾರು ನೂರು ಮೀಟರಿನ ಗೆರೆಗೆ ಬಂದು ತಿರುಗಿತು. ಟಕ್ ಎಂಬ ಶಬ್ದವನ್ನು ನಾನು ಕೇಳಿದೆನೋ ಕಂಡೆನೋ, ಕಾರು ಬಿಟ್ಟ ಬಾಣವಾಯಿತು. ಮಕ್ಕಳ ಬೊಬ್ಬೆ ಮುಗಿಲು ಮುಟ್ಟಿತು. ನೂರು ಮೀಟರು ಎಷ್ಟು ಹೊತ್ತಿನದ್ದು? ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗಿತ್ತು. ಗೆರೆಯ ಆಚೆ ಧೂಳಿನ ನಡುವೆ ಕಾರು ನಿಂತು, ಒಂದು ಉದ್ದ ವಿಸಿಲ್ ಕೇಳಿತು.

ಟೀಚರ್ ಇಳಿದರು. ಕಣ್ಣು ಒದ್ದೆಯಾಗಿತ್ತು, ಮುಖ ತುಂಬ ನಗು. ಕೀಯನ್ನು ಡಾಕ್ಟರ ಅಂಗೈಯಲ್ಲಿಟ್ಟು ಅವರ ಬೆರಳು ಮಡಚಿದರು.

"ಎಣ್ಣೆ ಕರಗಿದೆ. ಇನ್ನು ನೀವು ಓಡಿಸಿ" ಎಂದರು.

ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವೇದಿಕೆಯ ಕಡೆ ಹೊರಟರು. ಮೊದಲು ನಡೆದರು. ಅರ್ಧ ದಾರಿಯಲ್ಲಿ ಓಡತೊಡಗಿದರು.